ಅಮೀಬಾ ಜ್ವರ: ತಲಪಾಡಿಯ ಈಚೆ ಇಷ್ಟೊಂದು, ಆಚೆ ಯಾಕಿಲ್ಲ?

2025ರ ನವೆಂಬರ್‌ನಲ್ಲಿ, ಶಬರಿಮಲೆ ಯಾತ್ರೆ ಶುರುವಾದ ಹೊತ್ತಿಗೆ, ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸೂಚನೆ ಹೊರಡಿಸಿತು. ಕೇರಳಕ್ಕೆ ಹೋಗುವ ಅಯ್ಯಪ್ಪ ಭಕ್ತರು ಸ್ನಾನ ಮಾಡುವಾಗ ಮೂಗಿಗೆ ಕ್ಲಿಪ್ ಹಾಕಿಕೊಳ್ಳಿ, ಇಲ್ಲವೇ ಮೂಗನ್ನು ಬಿಗಿಯಾಗಿ ಹಿಡಿದುಕೊಳ್ಳಿ. ನೀರಿಗಿಳಿದ ಏಳು ದಿನದೊಳಗೆ ಜ್ವರ, ಜೋರು ತಲೆನೋವು, ವಾಂತಿ, ಕತ್ತು ಬಿಗಿತ ಕಾಣಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಕೇರಳದಲ್ಲಿ ‘ಮೆದುಳು ತಿನ್ನುವ ಅಮೀಬಾ’ದ ಕೇಸುಗಳು ಹೆಚ್ಚಿದ್ದೇ ಇದಕ್ಕೆ ಕಾರಣ.

ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆ ಓದುವ ಕಾಸರಗೋಡಿನವರಿಗೆ ಈ ಸುದ್ದಿ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಎರಡು ದಿನಕ್ಕೆ ಬಂದು ಹೋಗುವವರಿಗೇ ಮೂಗಿನ ಕ್ಲಿಪ್ ಬೇಕಾದರೆ, ಇದೇ ರಾಜ್ಯದಲ್ಲಿ ವರ್ಷವಿಡೀ ಕೆರೆ, ಬಾವಿ, ಗುಡ್ಡಕ್ಕೆ ಕೊರೆದ ಸುರಂಗದ ನೀರನ್ನೇ ನಂಬಿ ಬದುಕುವವರು ಏನು ಮಾಡಬೇಕು? ಇನ್ನೊಂದು ಪ್ರಶ್ನೆ ಇನ್ನೂ ಸರಳ. ಕಾಸರಗೋಡು ಜಿಲ್ಲೆಯ ಮಂಜೇಶ್ವರದ ನೀರಿನಲ್ಲಿ ಇರಬಹುದಾದ ಜೀವಿ, ಕರ್ನಾಟಕದ ಗಡಿಯಲ್ಲಿರುವ ತಲಪಾಡಿ ಗೇಟು ದಾಟಿದ ಕೂಡಲೇ ಇಲ್ಲವಾಗುತ್ತದೆಯೇ? ಎರಡೂ ಕಡೆ ಅದೇ ಕೆಂಪು ಮುರಕಲ್ಲು, ಅದೇ ಮಳೆ, ಅದೇ ಬಗೆಯ ಬಾವಿ. ಹಾಗಿದ್ದೂ ಒಂದು ಕಡೆ ವಾರಕ್ಕೊಂದು ಸುದ್ದಿ, ಇನ್ನೊಂದು ಕಡೆ ಅಪರೂಪಕ್ಕೆ ಎಲ್ಲೋ ಒಂದು.

ನೀರಿನಲ್ಲಿ ಏನಿದೆ ಅನ್ನುವುದರಷ್ಟೇ, ಆಸ್ಪತ್ರೆಯಲ್ಲಿ ಯಾರು ಏನನ್ನು ಹುಡುಕುತ್ತಾರೆ ಅನ್ನುವುದೂ ಈ ಅಂತರಕ್ಕೆ ಕಾರಣ. ಅದನ್ನು ಬಿಡಿಸಿ ನೋಡೋಣ.

ಮೂಗಿನಿಂದ ಮೆದುಳಿಗೆ

ಸುದ್ದಿಯಲ್ಲಿ ಬರುವ ಅಮೀಬಾದ ಹೆಸರು ನೇಗ್ಲೇರಿಯಾ ಫೌಲೇರಿ. ಫೌಲೇರಿ ಅನ್ನುವುದು ಆಸ್ಟ್ರೇಲಿಯಾದ ಅಡಿಲೇಡ್‌ನ ರೋಗಶಾಸ್ತ್ರಜ್ಞ ಮಾಲ್ಕಮ್ ಫೌಲರ್ ಅವರ ನೆನಪಿಗೆ ಇಟ್ಟದ್ದು. 1965ರಲ್ಲಿ ಅವರು ಮತ್ತು ಸಹೋದ್ಯೋಗಿ ಕಾರ್ಟರ್, ಬ್ಯಾಕ್ಟೀರಿಯಾ ಜ್ವರದ ಹಾಗೇ ಕಾಣುವ, ಆದರೆ ಯಾವ ಬ್ಯಾಕ್ಟೀರಿಯಾವೂ ಸಿಗದ ಮೆದುಳು ಜ್ವರದ ನಾಲ್ಕು ಕೇಸುಗಳ ಬಗ್ಗೆ ಬರೆದರು. ಸತ್ತವರ ಮೆದುಳಿನಲ್ಲಿ ಕಂಡದ್ದು ಅಮೀಬಾ. ಅಲ್ಲಿಯವರೆಗೆ ಮಣ್ಣಿನಲ್ಲಿ, ನೀರಿನಲ್ಲಿ ತಾನಾಗಿ ಬದುಕುವ ಅಮೀಬಾ ಮನುಷ್ಯನನ್ನು ಕೊಲ್ಲಬಹುದು ಅಂತ ಹೆಚ್ಚಿನವರು ಅಂದುಕೊಂಡಿರಲಿಲ್ಲ.

ಮಲೇರಿಯಾದ ಪರಾವಲಂಬಿ ಬದುಕಬೇಕಾದರೆ ಸೊಳ್ಳೆಯೂ ಬೇಕು, ಮನುಷ್ಯನೂ ಬೇಕು. ಈ ಅಮೀಬಾಕ್ಕೆ ನಾವು ಬೇಕಿಲ್ಲ. ಕೆರೆಯ ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಸುಮ್ನೆ ಇರುತ್ತದೆ. ಬೆಚ್ಚಗಿನ ನೀರು ಇದಕ್ಕೆ ಇಷ್ಟ. 46 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ಬೆಳೆಯುತ್ತದೆ. ಪರಿಸ್ಥಿತಿ ಕೆಟ್ಟರೆ ಗಟ್ಟಿ ಚಿಪ್ಪಿನೊಳಗೆ ಸೇರಿಕೊಂಡು ಒಳ್ಳೆಯ ದಿನಕ್ಕೆ ಕಾಯುತ್ತದೆ. ಸಮುದ್ರದ ಉಪ್ಪುನೀರಿನಲ್ಲಿ ಇರುವುದಿಲ್ಲ.

ತೊಂದರೆ ಶುರುವಾಗುವುದು ನೀರು ರಭಸದಿಂದ ಮೂಗಿನ ಮೇಲ್ಭಾಗಕ್ಕೆ ನುಗ್ಗಿದಾಗ. ಎತ್ತರದಿಂದ ಕೆರೆಗೆ ಹಾರಿದಾಗ, ಮುಳುಗು ಹಾಕಿದಾಗ, ತಳದ ಕೆಸರು ಕಲಕಿ ಆಡಿದಾಗ ಹೀಗಾಗುತ್ತದೆ. ವಾಸನೆ ಹಿಡಿಯುವ ನರದ ದಾರಿಯಲ್ಲಿ, ಮೂಗಿನ ಮೇಲಿರುವ ತೂತು ತೂತಾದ ತೆಳು ಎಲುಬನ್ನು ದಾಟಿ ಅಮೀಬಾ ಮೆದುಳು ಸೇರುತ್ತದೆ. ಸಾಮಾನ್ಯವಾಗಿ ಐದಾರು ದಿನದಲ್ಲಿ ತಲೆನೋವು, ಜ್ವರ ಶುರು. ಅಲ್ಲಿಂದ ಇನ್ನೊಂದು ಐದಾರು ದಿನದಲ್ಲಿ ಹೆಚ್ಚಿನವರು ಸಾಯುತ್ತಾರೆ. ಅಷ್ಟು ವೇಗ.

ಇದೇ ನೀರನ್ನು ಕುಡಿದರೆ ಈ ರೋಗ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಹಾಗಾಗಿ ರೋಗಿಯ ಮನೆಯವರನ್ನು ದೂರ ಇಡುವುದಕ್ಕೆ ಅರ್ಥವಿಲ್ಲ.

ಕೆರೆಗೇ ಇಳಿಯದವರಿಗೆ ಯಾಕೆ ಬಂತು?

ಓದುಗರ ತಲೆ ಕೆಡಿಸಿದ್ದು ಇಲ್ಲೇ. 2025ರಲ್ಲಿ ಕೋಝಿಕ್ಕೋಡ್ ಜಿಲ್ಲೆಯಲ್ಲಿ ಮೂರು ತಿಂಗಳ ಮಗು ಈ ಕಾಯಿಲೆಯಿಂದ ತೀರಿಕೊಂಡಿತು. ಮೂರು ತಿಂಗಳ ಮಗು ಕೆರೆಗೆ ಹಾರುವುದುಂಟೇ? ಅನುಮಾನ ಬಿದ್ದದ್ದು ಮಗುವನ್ನು ಮೀಯಿಸಿದ ಬಾವಿ ನೀರಿನ ಮೇಲೆ. ವಯಸ್ಸಾದವರು, ಮನೆಯಿಂದ ಹೊರಗೆ ಅಷ್ಟಾಗಿ ಹೋಗದವರೂ ಪಟ್ಟಿಯಲ್ಲಿದ್ದರು.

ಇದಕ್ಕೆ ಎರಡು ವಿವರಣೆ. ಮೊದಲನೆಯದು, ಸುದ್ದಿಯಲ್ಲಿ ಎಲ್ಲದಕ್ಕೂ ಒಂದೇ ಹೆಸರು ಬಂದರೂ ಅಮೀಬಾ ಒಂದೇ ಅಲ್ಲ. ಅಕಾಂತಮೀಬಾ, ಬಾಲಮುತಿಯಾ ಎಂಬ ಬೇರೆ ಜಾತಿಗಳೂ ಮೆದುಳಿಗೆ ಹೋಗುತ್ತವೆ. ಅವು ಚರ್ಮದ ಗಾಯದಿಂದಲೋ, ಉಸಿರಿನ ಜೊತೆಗೋ ಒಳಗೆ ಸೇರಬಹುದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಧಾನವಾಗಿ ಕಾಯಿಲೆ ಬೆಳೆಯುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಅಂಗ ಕಸಿ ಹೀಗೆ ರೋಗ ನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಜಾಸ್ತಿ. ಇಂಥವರನ್ನು ‘ಕಳೆದ ವಾರ ಕೆರೆಗೆ ಹೋಗಿದ್ದಿರಾ’ ಅಂತ ಕೇಳಿ ಪ್ರಯೋಜನವಿಲ್ಲ.

ಎರಡನೆಯದು, ನೇಗ್ಲೇರಿಯಾಕ್ಕೂ ಕೆರೆಯೇ ಬೇಕೆಂದಿಲ್ಲ. ಮೂಗಿಗೆ ನೀರು ಏರಿದರೆ ಸಾಕು. ಪಾಕಿಸ್ತಾನದ ಕರಾಚಿಯಲ್ಲಿ ಸತ್ತವರಲ್ಲಿ ಎಷ್ಟೋ ಮಂದಿ ಈಜಿದವರೇ ಅಲ್ಲ. ನಮಾಜಿಗೆ ಮುಂಚಿನ ವುಜೂ ಮಾಡುವಾಗ ಕ್ಲೋರಿನ್ ಸಾಲದ ನಲ್ಲಿ ನೀರನ್ನು ಮೂಗಿಗೆ ಏರಿಸಿದ್ದೇ ದಾರಿ ಇರಬೇಕು ಅಂತ ಅಲ್ಲಿನ ವೈದ್ಯರು ಬರೆದಿದ್ದಾರೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ಸತ್ತದ್ದು ನಮ್ಮ ಜಲನೇತಿಯಂತೆಯೇ ಪಾತ್ರೆಯಿಂದ ಮೂಗಿಗೆ ನಲ್ಲಿ ನೀರು ಬಿಟ್ಟುಕೊಂಡದ್ದರಿಂದ. ಕಾಸರಗೋಡಿನಲ್ಲಿ ವುಜೂ ಮಾಡುವವರೂ ಇದ್ದಾರೆ, ಬೆಳಗ್ಗೆ ಎದ್ದು ನೇತಿ ಮಾಡುವವರೂ ಇದ್ದಾರೆ. ಯಾವುದನ್ನೂ ಬಿಡಬೇಕಾಗಿಲ್ಲ. ಕುದಿಸಿ ಆರಿಸಿದ ನೀರು, ಇಲ್ಲವೇ ಸರಿಯಾಗಿ ಕ್ಲೋರಿನ್ ಹಾಕಿದ ನೀರು ಬಳಸಿದರೆ ಮುಗಿಯಿತು.

ಎಂಟು, ಮೂವತ್ತಾರು, ಅರವತ್ತೊಂಬತ್ತು

ಈಗ ಅಂಕಿಗೆ ಬರೋಣ. ಕೇರಳದಲ್ಲಿ ಮೊದಲ ಕೇಸು ದಾಖಲಾದದ್ದು 2016ರಲ್ಲಿ, ಆಲಪ್ಪುಳದಲ್ಲಿ. ಅಲ್ಲಿಂದ 2023ರವರೆಗೆ ಒಟ್ಟು ಎಂಟೇ ಎಂಟು. 2024ರಲ್ಲಿ ಒಂದೇ ವರ್ಷಕ್ಕೆ 36 ಕೇಸು, 9 ಸಾವು. 2025ರ ಸೆಪ್ಟೆಂಬರ್ ಮಧ್ಯದ ಹೊತ್ತಿಗೇ 69 ಕೇಸು, 19 ಸಾವು. ವರ್ಷ ಮುಗಿಯುವಷ್ಟರಲ್ಲಿ ಅದೂ ದಾಟಿ ಹೋಯಿತು.

ಈ ಏರಿಕೆಯನ್ನು ನೋಡಿದ ಯಾರಿಗಾದರೂ ರೋಗ ಸ್ಫೋಟವಾಗಿದೆ ಅನ್ನಿಸುವುದು ಸಹಜ. ಆದರೆ ನಡುವೆ ಒಂದು ಬದಲಾವಣೆ ಆಯಿತು. 2018ರ ನಿಪಾ ವೈರಸ್ ಹಾವಳಿಯ ನಂತರ ಕೇರಳದ ಆಸ್ಪತ್ರೆಗಳಲ್ಲಿ ಮೆದುಳು ಜ್ವರಕ್ಕೆ ಕಾರಣ ಹುಡುಕುವ ಅಭ್ಯಾಸ ಬೆಳೆಯಿತು. 2024ರ ಬೇಸಗೆ–ಮಳೆಗಾಲದಲ್ಲಿ ಮಲಪ್ಪುರಂ, ಕಣ್ಣೂರು, ಕೋಝಿಕ್ಕೋಡ್ ಜಿಲ್ಲೆಗಳ ಮಕ್ಕಳು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ಜುಲೈಯಲ್ಲಿ ಸರಕಾರ ಈ ರೋಗಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ಮೆದುಳು ಜ್ವರದ ಲಕ್ಷಣ ಇರುವವರಲ್ಲಿ ಅಮೀಬಾವನ್ನೂ ಹುಡುಕಿ ಅನ್ನುವುದು ಅದರ ತಿರುಳು.

ಹುಡುಕುವುದು ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ರೋಗಿಯ ಸೊಂಟದ ಹತ್ತಿರ ಬೆನ್ನುಮೂಳೆಗೆ ಸೂಜಿ ಹಾಕಿ ಮೆದುಳುಬಳ್ಳಿಯ ಸುತ್ತಲಿನ ದ್ರವ ತೆಗೆಯುತ್ತಾರೆ. ಸಾಮಾನ್ಯವಾಗಿ ಅದು ಬ್ಯಾಕ್ಟೀರಿಯಾ ಪರೀಕ್ಷೆಗೆ ಹೋಗುತ್ತದೆ. ಕಣಗಳ ಲೆಕ್ಕ ಬ್ಯಾಕ್ಟೀರಿಯಾ ಸೋಂಕಿನ ಹಾಗೇ ಇರುತ್ತದೆ, ಬ್ಯಾಕ್ಟೀರಿಯಾ ಮಾತ್ರ ಕಾಣುವುದಿಲ್ಲ. ಅಮೀಬಾ ಹುಡುಕಬೇಕಾದರೆ ಆ ದ್ರವವನ್ನು ಫ್ರಿಜ್ಜಿನಲ್ಲಿ ಇಡಬಾರದು. ತಣ್ಣಗಾದರೆ ಅದು ಚಲಿಸುವುದು ನಿಲ್ಲಿಸುತ್ತದೆ. ಬಿಸಿ ಆರುವ ಮೊದಲೇ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕಾಯಬೇಕು. ಚಲಿಸದೆ ಬಿದ್ದಿರುವ ಅಮೀಬಾ ನೋಡಲು ಬಿಳಿ ರಕ್ತಕಣದಂತೆಯೇ ಇರುತ್ತದೆ. ಪಳಗಿದ ಕಣ್ಣು ಇಲ್ಲದಿದ್ದರೆ ಎರಡೂ ದಿಕ್ಕಿನಲ್ಲಿ ತಪ್ಪಾಗಬಹುದು. ಆಮೇಲೆ ಯಾವ ಜಾತಿ ಅಂತ ಖಚಿತವಾಗಲು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಬೇಕು. ಮೊದಮೊದಲು ಇದಕ್ಕಾಗಿ ಕೇರಳದ ಮಾದರಿಗಳು ಚಂಡೀಗಢದವರೆಗೆ ಹೋಗುತ್ತಿದ್ದವು. ಈಗ ತಿರುವನಂತಪುರದಲ್ಲೇ ಆಗುತ್ತದೆ.

ಯಾರಾದರೂ ಹೇಳಿ ಮಾಡಿಸದೆ ಇಷ್ಟೆಲ್ಲ ತಾನಾಗಿ ನಡೆಯುವ ಕೆಲಸವಲ್ಲ. ಹೇಳಿದ ಕಡೆ ಕೇಸು ಸಿಗುತ್ತದೆ. ಹೇಳದ ಕಡೆ ‘ಕಾರಣ ತಿಳಿಯದ ಮೆದುಳು ಜ್ವರ’ ಅಂತ ಕಡತ ಮುಚ್ಚುತ್ತದೆ. ಭಾರತದಲ್ಲಿ ಮೆದುಳು ಜ್ವರದ ಕೇಸುಗಳಲ್ಲಿ ದೊಡ್ಡ ಪಾಲಿಗೆ ಕಾರಣವೇ ಸಿಗುವುದಿಲ್ಲ ಅನ್ನುವುದು ಹಳೆಯ ಸಂಗತಿ.

ಅಮೆರಿಕದ ಕತೆಯೂ ಇಂಥದ್ದೇ. ಫೌಲರ್ ಬರೆದ ಮೇಲೆ ವರ್ಜೀನಿಯಾದಲ್ಲಿ ಹಳೆಯ ಶವಪರೀಕ್ಷೆಯ ದಾಖಲೆ, ಸ್ಲೈಡುಗಳನ್ನು ಮತ್ತೆ ತೆಗೆದು ನೋಡಿದರು. 1937ರ ಒಂದು ಸಾವಿನಲ್ಲೇ ಅಮೀಬಾ ಕಂಡಿತು. ಮೂವತ್ತು ವರ್ಷ ಅದು ಅಲ್ಲೇ ಇತ್ತು, ಯಾರೂ ಹೆಸರು ಹಿಡಿದು ಹುಡುಕಿರಲಿಲ್ಲ ಅಷ್ಟೆ.

2002ರ ಮಂಗಳೂರು

ತಲಪಾಡಿಯ ಆಚೆ ಅಮೀಬಾ ಇಲ್ಲ ಅನ್ನುವವರು ಈ ಒಂದು ಕೇಸನ್ನು ನೋಡಬೇಕು. 2002ರಲ್ಲಿ ಮಂಗಳೂರಿನ ವೈದ್ಯರ ತಂಡವೊಂದು ಅಂತಾರಾಷ್ಟ್ರೀಯ ಸೂಕ್ಷ್ಮಜೀವಿಶಾಸ್ತ್ರ ಪತ್ರಿಕೆಯಲ್ಲಿ ನೇಗ್ಲೇರಿಯಾದಿಂದ ಸತ್ತ ಐದು ತಿಂಗಳ ಮಗುವಿನ ವರದಿ ಪ್ರಕಟಿಸಿತು. ಮಂಗಳೂರಿನ ಮೊದಲ ಕೇಸು ಅಂತ ಅದರ ಶೀರ್ಷಿಕೆಯಲ್ಲೇ ಇದೆ. ಮಗುವಿಗೆ ಸ್ನಾನ ಮಾಡಿಸುವಾಗ ಸೋಂಕು ತಗಲಿರಬೇಕು ಅಂತ ಅವರ ಅಂದಾಜು. ನೀರು ಬಾವಿಯದ್ದು. ಅವರು ಅಷ್ಟಕ್ಕೇ ನಿಲ್ಲದೆ ಬಾವಿಯ ನೀರನ್ನೂ ಪರೀಕ್ಷೆ ಮಾಡಿದರು. ಮಗುವಿನ ದ್ರವದಲ್ಲಿ ಕಂಡ ಅಮೀಬಾ ಬಾವಿಯಲ್ಲೂ ಸಿಕ್ಕಿತು.

ಕೇರಳದ ಮೊದಲ ಕೇಸಿಗಿಂತ 14 ವರ್ಷ ಮುಂಚಿನ ಮಾತು ಇದು. ಕಾಸರಗೋಡಿಗೆ ಹತ್ತಿರ ಅಂದರೆ ಇಷ್ಟು ಹತ್ತಿರ. ಕೋಝಿಕ್ಕೋಡಿನ ಮಗುವಿನ ಸುದ್ದಿ ಬಂದಾಗ ‘ಬಾವಿ ನೀರಿನಿಂದಲೂ ಬರುತ್ತಾ’ ಅಂತ ಎಲ್ಲರೂ ಬೆಚ್ಚಿಬಿದ್ದರಲ್ಲ, ಅದಕ್ಕೆ ಉತ್ತರ ಇಪ್ಪತ್ತಮೂರು ವರ್ಷದ ಹಿಂದೆಯೇ ಪಕ್ಕದ ಊರಿನಿಂದ ಪ್ರಕಟವಾಗಿತ್ತು. ಭಾರತದ ಮೊದಲ ಕೇಸುಗಳಂತೂ 1971ರಲ್ಲೇ, ಕಲ್ಕತ್ತಾದ ಇಬ್ಬರು ಮಕ್ಕಳದ್ದು.

ಹಾಗಾಗಿ ಒಂದು ರಾಜ್ಯದ ಕೇಸುಗಳನ್ನು ಇನ್ನೊಂದು ರಾಜ್ಯದ ಕೇಸುಗಳ ಪಕ್ಕದಲ್ಲಿಟ್ಟು ನೀರಿನ ಶುದ್ಧಿ ಅಳೆಯಲು ಹೋಗುವುದು ತಪ್ಪು. ಕರ್ನಾಟಕದ ಸೂಚನೆಯಲ್ಲಿ ನನಗೆ ಕಾಣುವ ಕೊರತೆಯೂ ಅದೇ. ಮೂಗಿಗೆ ಕ್ಲಿಪ್ ಹಾಕಿ ಅನ್ನುವ ಸಲಹೆ ಸರಿಯಾಗಿಯೇ ಇದೆ. ಆದರೆ ಅದು ಕೇರಳಕ್ಕೆ ಹೋಗುವವರಿಗೆ ಮಾತ್ರ ಯಾಕೆ? ಉಳ್ಳಾಲದಲ್ಲಿ, ಬಂಟ್ವಾಳದಲ್ಲಿ ಮಾರ್ಚ್–ಏಪ್ರಿಲ್‌ನ ಬಿಸಿಗೆ ಕಲ್ಲುಕೋರೆ ಹೊಂಡಕ್ಕೆ ಹಾರುವ ಹುಡುಗರಿಗೂ ಅದೇ ಸಲಹೆ ಬೇಕಲ್ವಾ?

ನೂರಕ್ಕೆ 97, ನೂರಕ್ಕೆ 25

ಇನ್ನೊಂದು ಅಂಕಿ ಇದಕ್ಕಿಂತ ಜಾಸ್ತಿ ಗೊಂದಲ ಮಾಡಿದೆ. ಜಗತ್ತಿನಲ್ಲಿ ಈ ರೋಗ ಬಂದ ನೂರರಲ್ಲಿ 97 ಮಂದಿ ಸಾಯುತ್ತಾರೆ ಅಂತ ಎಲ್ಲ ಕಡೆ ಬರುತ್ತದೆ. ಅಮೆರಿಕದಲ್ಲಿ 1962ರಿಂದ 2023ರವರೆಗೆ 164 ಮಂದಿಗೆ ಬಂದು ಬದುಕಿದ್ದು ನಾಲ್ಕೇ ಜನ. ಕೇರಳದಲ್ಲಿ 2024ರ ಲೆಕ್ಕ ಹಿಡಿದರೆ ಸತ್ತವರು ನೂರಕ್ಕೆ 25. ನಾವು ಜಗತ್ತಿಗಿಂತ ಅಷ್ಟೊಂದು ಮುಂದೆ ಇದ್ದೇವೆ ಅಂತ ಸರಕಾರದ ಕಡೆಯವರು ಹೇಳುತ್ತಾರೆ. ಕೇಸುಗಳೇ ಸರಿಯಿಲ್ಲವೇನೋ ಅಂತ ಸಂಶಯಪಡುವವರೂ ಇದ್ದಾರೆ.

97 ಅನ್ನುವುದು ಬರೀ ನೇಗ್ಲೇರಿಯಾದ ಲೆಕ್ಕ. ಕೇರಳದ 36ರಲ್ಲಿ, 69ರಲ್ಲಿ ಬೇರೆ ಬೇರೆ ಅಮೀಬಾಗಳು ಒಟ್ಟಿಗೆ ಇವೆ. ಬೇರೆ ಬೇರೆ ರೋಗದ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಿದಂತಾಯಿತು. ಆದರೆ ಇಡೀ ವ್ಯತ್ಯಾಸಕ್ಕೆ ಇದೊಂದೇ ಕಾರಣ ಅನ್ನಲಾಗದು. ಯಾಕೆಂದರೆ ಅಕಾಂತಮೀಬಾ, ಬಾಲಮುತಿಯಾ ಮೆದುಳಿಗೆ ಹೋದರೂ ಬೇರೆ ದೇಶಗಳಲ್ಲಿ ಬದುಕುವವರು ಕಡಿಮೆಯೇ.

ಹುಡುಕುವುದು ಹೆಚ್ಚಾದಾಗ ಸೌಮ್ಯ ಕೇಸುಗಳೂ, ಆರಂಭದ ಹಂತದ ಕೇಸುಗಳೂ ಲೆಕ್ಕಕ್ಕೆ ಸೇರುತ್ತವೆ. ಹಿಂದೆ ಸತ್ತ ಮೇಲಷ್ಟೇ ಗೊತ್ತಾಗುತ್ತಿದ್ದುದರಿಂದ ಲೆಕ್ಕದಲ್ಲಿ ಇದ್ದವರೆಲ್ಲ ಸತ್ತವರೇ. ಇದಕ್ಕೆ ನಿಜವಾದ ಚಿಕಿತ್ಸೆಯ ಲಾಭವನ್ನೂ ಸೇರಿಸಬೇಕು. 2024ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪಯ್ಯೋಳಿ ಕಡೆಯ 14 ವರ್ಷದ ಹುಡುಗ ಗುಣವಾಗಿ ಮನೆಗೆ ಹೋದದ್ದು ದೇಶದಲ್ಲೇ ಸುದ್ದಿಯಾಯಿತು. ಅವನ ಕೇಸಿನಲ್ಲಿ ಅಮೀಬಾದ ಅನುಮಾನ ಬೇಗ ಬಂದಿತ್ತು, ಔಷಧಿಯೂ ಬೇಗ ಶುರುವಾಗಿತ್ತು.

ಔಷಧಿಗಳಲ್ಲಿ ಒಂದರ ಹೆಸರು ಮಿಲ್ಟೆಫೋಸಿನ್. ಇದು ಅಮೀಬಾಕ್ಕೆಂದು ಬಂದದ್ದೇ ಅಲ್ಲ. ಇನ್ನೊಂದು ಪರಾವಲಂಬಿಯಿಂದ ಬರುವ ಕಾಲಾ ಆಜಾರ್‌ಗೆ ಬಿಹಾರದ ರೋಗಿಗಳ ಮೇಲೆ ಪರೀಕ್ಷೆಯಾಗಿ 2002ರಲ್ಲಿ ಭಾರತದಲ್ಲೇ ಮೊದಲು ಒಪ್ಪಿಗೆ ಪಡೆದದ್ದು. ಅದೇ ಔಷಧಿಯನ್ನು 2024ರಲ್ಲಿ ಕೇರಳ ಜರ್ಮನಿಯಿಂದ ತರಿಸಿಕೊಳ್ಳಬೇಕಾಯಿತು. ಇದರ ಜೊತೆ ಆಂಫೋಟೆರಿಸಿನ್, ರಿಫಾಂಪಿಸಿನ್, ಅಜಿತ್ರೋಮೈಸಿನ್ ಮೊದಲಾದವನ್ನೂ ಕೊಡುತ್ತಾರೆ. ಯಾವುದರಿಂದ ಎಷ್ಟು ಉಪಯೋಗ ಅಂತ ಬೇರೆ ಬೇರೆಯಾಗಿ ತೂಗಿ ನೋಡುವಷ್ಟು ರೋಗಿಗಳು ಜಗತ್ತಿನಲ್ಲಿ ಎಲ್ಲೂ ಸಿಕ್ಕಿಲ್ಲ.

ಜಗಳ ಯಾವುದರ ಮೇಲೆ?

2025ರ ಸೆಪ್ಟೆಂಬರ್‌ನಲ್ಲಿ ಕೇರಳ ವಿಧಾನಸಭೆಯಲ್ಲಿ ಇದರ ಬಗ್ಗೆಯೇ ನಿಲುವಳಿ ಸೂಚನೆಯ ಚರ್ಚೆ ನಡೆಯಿತು. ಹುಡುಕುತ್ತಿದ್ದೇವೆ, ಹಾಗಾಗಿ ಸಿಗುತ್ತಿದೆ, ಬೇಗ ಸಿಗುವುದರಿಂದ ಜೀವ ಉಳಿಯುತ್ತಿದೆ ಅಂತ ಸರಕಾರದ ವಾದ. ವಿರೋಧ ಪಕ್ಷದವರು ಇದನ್ನು ಒಪ್ಪಲಿಲ್ಲ. ರೋಗ ಎಲ್ಲಿಂದ ಬರುತ್ತಿದೆ ಅಂತಲೇ ಹೇಳಲಾಗದ ಸರಕಾರ ಸೋತಿದೆ, ಜಲಮೂಲಗಳಿಗೆ ಕೊಳಚೆ ಸೇರುವುದನ್ನು ತಡೆದಿಲ್ಲ ಅಂತ ಅವರು ದೂರಿದರು.

ಹವಾಮಾನದ ವಾದವೂ ಇದೆ. ಬೇಸಗೆಯ ಶಾಖ ಏರಿದ ಹಾಗೆ ನೀರೂ ಬೆಚ್ಚಗಾಗುತ್ತದೆ, ಬೆಚ್ಚಗಿನ ನೀರಿಗೆ ಒಗ್ಗಿದ ಅಮೀಬಾ ಹೆಚ್ಚುತ್ತದೆ. ಅಮೆರಿಕದಲ್ಲಿ ಈ ರೋಗ ದಕ್ಷಿಣದ ರಾಜ್ಯಗಳಿಂದ ಉತ್ತರದ ಕಡೆಗೂ ಕಾಣಿಸಿಕೊಂಡಿರುವುದು ಇದಕ್ಕೆ ಪುಷ್ಟಿ ಕೊಡುತ್ತದೆ. ಕೇರಳದಲ್ಲಂತೂ ಬೆಚ್ಚಗಿನ ನೀರಿಗೆ ಮೊದಲೂ ಬರ ಇರಲಿಲ್ಲ. ಎಂಟು ವರ್ಷಕ್ಕೆ ಒಟ್ಟು ಎಂಟಿದ್ದದ್ದು ಒಂದೇ ವರ್ಷದಲ್ಲಿ ಮೂವತ್ತಾರಕ್ಕೆ ಜಿಗಿಯುವಷ್ಟು ನೀರೇನೂ ಬಿಸಿಯಾಗಿಲ್ಲ. ಶಾಖ ನಿಧಾನಕ್ಕೆ ತಳ್ಳುವ ಶಕ್ತಿ, ದಿಢೀರ್ ಜಿಗಿತಕ್ಕೆ ಪರೀಕ್ಷೆಯೇ ಮುಖ್ಯ ಕಾರಣ ಅನ್ನುವುದು ನನ್ನ ಅಂದಾಜು.

ಆದರೆ ಸರಕಾರದ ಮಾತನ್ನು ಪೂರ್ತಿ ಒಪ್ಪಿಕೊಳ್ಳುವುದಕ್ಕೂ ಒಂದು ಅಡ್ಡಿ ಇದೆ. ‘ಹುಡುಕಿದ್ದಕ್ಕೆ ಸಿಕ್ಕಿತು’ ಅನ್ನುವುದು ನಿಜವಾದರೆ, ಎಲ್ಲ ಬಗೆಯ ಮೆದುಳು ಜ್ವರದ ಒಟ್ಟು ಕೇಸು, ಒಟ್ಟು ಸಾವು ಹಿಂದಿನಷ್ಟೇ ಇರಬೇಕು. ಅದರೊಳಗೆ ‘ಕಾರಣ ತಿಳಿಯದ’ ಪಾಲು ಕಡಿಮೆಯಾಗಿ ‘ಅಮೀಬಾ’ ಪಾಲು ಹೆಚ್ಚಿರಬೇಕು. ಒಟ್ಟು ಅಂಕಿಯೇ ಏರಿದ್ದರೆ ನೀರಿನಲ್ಲಿ ಏನೋ ಬದಲಾಗಿದೆ ಅಂತಲೇ ಅರ್ಥ. ಪ್ರತಿದಿನ ಅಮೀಬಾ ಕೇಸಿನ ಸಂಖ್ಯೆ ಹೇಳುವ ಇಲಾಖೆ, ಒಟ್ಟು ಮೆದುಳು ಜ್ವರ, ಅದರಲ್ಲಿ ‘ಕಾರಣ ತಿಳಿಯದ’ ಪಾಲು ಈ ಎರಡು ಸಾಲನ್ನು ಜಿಲ್ಲಾವಾರು ಪಕ್ಕದಲ್ಲಿಟ್ಟು ಜನರ ಮುಂದಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

2024ರಲ್ಲಿ ನೆಯ್ಯಾಟಿಂಕರ ಹತ್ತಿರ ಒಂದೇ ಕೆರೆಯಲ್ಲಿ ಮಿಂದ ಹಲವು ಯುವಕರಿಗೆ ರೋಗ ಬಂದು, ಒಬ್ಬ ಸತ್ತು ಉಳಿದವರು ಗುಣವಾದದ್ದೂ ಇಂಥದ್ದೇ ಒಗಟು. ನೂರಾರು ಜನ ಮೀಯುವ ಕೆರೆಯಲ್ಲಿ ಒಬ್ಬನಿಗೆ ಬರುವುದು ಈ ರೋಗದ ವಾಡಿಕೆ. ಗುಂಪಿಗೆ ಬರುವುದು ವಿರಳ.

ಬಾವಿಗೆ ಬ್ಲೀಚಿಂಗ್ ಪೌಡರ್

2025ರ ಆಗಸ್ಟ್ ಕೊನೆಯಲ್ಲಿ ಕೇರಳದಾದ್ಯಂತ ‘ಜಲಮಾಣ್ ಜೀವನ್’ ಹೆಸರಿನಲ್ಲಿ ಬಾವಿಗಳಿಗೆ ಕ್ಲೋರಿನ್ ಹಾಕುವ ಆಂದೋಲನ ನಡೆಯಿತು. ಕ್ಲೋರಿನ್ ಈ ಅಮೀಬಾವನ್ನು ಕೊಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಫೌಲರ್ ಅವರ ದಕ್ಷಿಣ ಆಸ್ಟ್ರೇಲಿಯಾದಲ್ಲೇ ಅದಕ್ಕೆ ಸಾಕ್ಷಿ ಇದೆ. ಅಲ್ಲಿ ಊರಿಂದೂರಿಗೆ ನೆಲದ ಮೇಲೇ ಹಾದುಹೋಗುವ ಉದ್ದದ ಪೈಪುಗಳಲ್ಲಿ ನೀರು ಬಿಸಿಲಿಗೆ ಕಾಯುತ್ತಿತ್ತು, ಮನೆಯ ನಲ್ಲಿಯಲ್ಲೇ ಅಮೀಬಾ ಬರುತ್ತಿತ್ತು. ಪೈಪಿನ ಕೊನೆಯವರೆಗೂ ಕ್ಲೋರಿನ್ ಉಳಿಯುವ ಹಾಗೆ ಮಾಡಿದ ಮೇಲೆ ರೋಗ ಹತೋಟಿಗೆ ಬಂತು.

ನಮ್ಮ ಬಾವಿಗೆ ಲೆಕ್ಕ ಹೀಗೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28 ಸಾವಿರ ಲೀಟರ್, ಅಂದರೆ 70 ಗ್ರಾಂ. ಪುಡಿಯನ್ನು ಹಾಗೇ ಸುರಿಯಬಾರದು. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ ಬೆರೆಸಬೇಕು. ಒಂದು ಗಂಟೆ ನೀರು ಸೇದಬಾರದು. ಹಳೆಯ ಪೊಟ್ಟಣ ತೆರೆದೇ ಇಟ್ಟಿದ್ದರೆ ಅದರ ಕ್ಲೋರಿನ್ ಹಾರಿಹೋಗಿರುತ್ತದೆ. ಅದನ್ನು ಎಷ್ಟು ಹಾಕಿದರೂ ವ್ಯರ್ಥ.

ವರ್ಷಕ್ಕೆ ಎರಡು ದಿನದ ಆಂದೋಲನದ ಮಿತಿಯೂ ಇಲ್ಲೇ. ಮುರಕಲ್ಲಿನ ಬಾವಿಯಲ್ಲಿ ನೀರು ಒಸರುತ್ತಲೇ ಇರುತ್ತದೆ, ಹಾಕಿದ ಕ್ಲೋರಿನ್ ಕೆಲವೇ ದಿನದಲ್ಲಿ ಇಲ್ಲವಾಗುತ್ತದೆ. ಕಾಸರಗೋಡಿನ ಸುರಂಗಗಳಿಗಂತೂ ಈ ಲೆಕ್ಕವೇ ಹೊಂದುವುದಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಸದಾ ಹರಿದು ಬರುತ್ತದೆ. ಅದಕ್ಕೆ ಕ್ಲೋರಿನ್ ಹಾಕಲು ಬರುವುದಿಲ್ಲ, ಹಾಕುವ ಅಗತ್ಯವೂ ಅಷ್ಟಿಲ್ಲ. ನೆರಳಿನ ತಣ್ಣನೆಯ ಹರಿಯುವ ನೀರು ನೇಗ್ಲೇರಿಯಾಕ್ಕೆ ಅಷ್ಟು ಒಗ್ಗುವಂಥದ್ದಲ್ಲ. ಗಮನ ಕೊಡಬೇಕಾದದ್ದು ಆ ನೀರು ಬಂದು ನಿಲ್ಲುವ ಬಯಲಿನ ಟ್ಯಾಂಕಿಗೆ, ತಾರಸಿಯ ಮೇಲೆ ಬಿಸಿಲಿಗೆ ಕಾಯುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿಗೆ. ಅದರ ತಳದ ಕೆಸರನ್ನು ಕೊನೆಯ ಸಲ ತೊಳೆದದ್ದು ಯಾವಾಗ ಅಂತ ಎಷ್ಟು ಮನೆಯವರಿಗೆ ನೆನಪಿರುತ್ತದೆ?

ದೇವಸ್ಥಾನದ ಕೆರೆಗಳಿಗೂ ಕ್ಲೋರಿನ್ ಹಾಕಿ ಅನ್ನುವ ಬೇಡಿಕೆ ಅಲ್ಲಲ್ಲಿ ಬಂದಿದೆ. ಕೆರೆಯ ಪಾಚಿ, ಕೆಸರು ಕ್ಲೋರಿನ್ನನ್ನು ನುಂಗಿಬಿಡುತ್ತವೆ. ಅಮೀಬಾ ಸಾಯುವಷ್ಟು ಹಾಕಲು ಹೋದರೆ ಮೊದಲು ಮೀನು ಸಾಯುತ್ತದೆ. ಕೆರೆಗೆ ಕೊಳಚೆ ಸೇರದ ಹಾಗೆ ನೋಡಿಕೊಳ್ಳುವುದು, ಹೂಳು ತೆಗೆಯುವುದು, ಬಿಸಿಲಿಗೆ ನೀರು ತಗ್ಗಿ ಬೆಚ್ಚಗಾದ ತಿಂಗಳುಗಳಲ್ಲಿ ‘ಹಾರಬೇಡಿ, ಮುಳುಗಬೇಡಿ’ ಅಂತ ಫಲಕ ಹಾಕುವುದು, ಇಷ್ಟೇ ಆಗುವಂಥದ್ದು. ಫಲಕ ಕನ್ನಡದಲ್ಲೂ ಇರಲಿ. ಮಂಜೇಶ್ವರ, ಕುಂಬಳೆ ಕಡೆ ಮಲಯಾಳದ ಸೂಚನೆಯೊಂದನ್ನೇ ಅಂಟಿಸಿ ಹೋದರೆ ಓದಬೇಕಾದ ಅಜ್ಜಿಗೆ ಅದು ಮುಟ್ಟುವುದಿಲ್ಲ.

ಈಜುಕೊಳದ ವಿಷಯ ಬೇರೆ. ಅಲ್ಲಿ ಕ್ಲೋರಿನ್ ಸರಿಯಾಗಿದ್ದರೆ ಸಾಕು, ಇಲ್ಲದಿದ್ದರೆ ಕೆರೆಗಿಂತ ಕಡೆ. ಆಗಿನ ಚೆಕೊಸ್ಲೊವಾಕಿಯಾದ ಒಂದು ಒಳಾಂಗಣ ಈಜುಕೊಳದಿಂದ 1962ರಿಂದ 1965ರ ನಡುವೆ 16 ಮಂದಿ ಸತ್ತರು. ಕೊಳದ ಗೋಡೆಯ ಹಿಂದೆ ಇದ್ದ ಖಾಲಿ ಜಾಗದಲ್ಲಿ ಅಮೀಬಾ ಸೇರಿಕೊಂಡಿತ್ತು ಅಂತ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಬೇಕಲದ ಸುತ್ತ ರೆಸಾರ್ಟುಗಳು ಹೆಚ್ಚುತ್ತಿರುವಾಗ ಇದು ಪಂಚಾಯತಿನ ಆರೋಗ್ಯ ನಿರೀಕ್ಷಕರು ಗಮನಿಸಬೇಕಾದ ಸಂಗತಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇಷ್ಟೆಲ್ಲ ಹೇಳಿದರೂ ಇದು ವಿರಳ ರೋಗ. ಕೆರೆ, ಹೊಳೆಗಳಲ್ಲಿ ಮುಳುಗಿ ಸಾಯುವವರು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಮೀಬಾದ ಭಯಕ್ಕೆ ಮಕ್ಕಳಿಗೆ ಈಜು ಕಲಿಸುವುದನ್ನೇ ನಿಲ್ಲಿಸಿದರೆ ನಷ್ಟ ದೊಡ್ಡದು.

ಗಡಿ ದಾಟುವ ರೋಗಿ

ಕಾಸರಗೋಡಿನಿಂದ ತಿರುವನಂತಪುರಕ್ಕೆ 550 ಕಿ.ಮೀ.ಗೂ ಜಾಸ್ತಿ. ಮಂಗಳೂರಿಗೆ ಸುಮಾರು 50. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸ ಆದರೂ, ತಲೆನೋವು ಜೋರಾಗಿ ಎಚ್ಚರ ತಪ್ಪಿದವರನ್ನು ಇಲ್ಲಿನವರು ಕರೆದುಕೊಂಡು ಹೋಗುವುದು ಮಂಗಳೂರು, ದೇರಳಕಟ್ಟೆಗೆ. 2020ರಲ್ಲಿ ಕೋವಿಡ್‌ ಹೊತ್ತಿಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಈ ನಂಟು ಎಷ್ಟು ಗಟ್ಟಿ ಅಂತ ಇಡೀ ದೇಶಕ್ಕೇ ಗೊತ್ತಾಯಿತು.

ಅಮೀಬಾ ವಿಷಯದಲ್ಲಿ ಇದರಿಂದ ಎರಡು ತೊಡಕು. ಅಮೀಬಾವನ್ನೂ ಹುಡುಕಿ ಅನ್ನುವ ಕೇರಳದ ಮಾರ್ಗಸೂಚಿ ಕೇರಳದ ಆಸ್ಪತ್ರೆಗಳಿಗೆ. ಗಡಿ ದಾಟಿದ ರೋಗಿ ಅದರ ವ್ಯಾಪ್ತಿಯಿಂದ ಹೊರಗೆ. ಅಲ್ಲಿನ ವೈದ್ಯರು ತಾವಾಗಿ ಅನುಮಾನಪಟ್ಟರೆ ಮಾತ್ರ ಆ ಹನಿ ಮೈಕ್ರೋಸ್ಕೋಪಿನ ಕೆಳಗೆ ಹೋಗುತ್ತದೆ. ಅಕಸ್ಮಾತ್ ಅಲ್ಲಿ ರೋಗ ಪತ್ತೆಯಾದರೂ, ಆ ಮಾಹಿತಿ ರೋಗಿಯ ಊರಿನ ಪಂಚಾಯತಿಗೆ ಬಂದು, ಆ ಕೆರೆಯ, ಬಾವಿಯ ನೀರು ಪರೀಕ್ಷೆಯಾಗುವವರೆಗಿನ ದಾರಿ ಎರಡು ರಾಜ್ಯಗಳ ಇಲಾಖೆಗಳ ಮೂಲಕ ಹಾದು ಬರಬೇಕು. ನಡುವೆ ಎಲ್ಲೋ ಅದು ನಿಂತುಹೋದರೆ ಕೇಳುವವರಿಲ್ಲ.

ಹಾಗಾಗಿ ಜ್ವರ, ತಲೆನೋವು, ವಾಂತಿ, ಕತ್ತು ಬಿಗಿತ ಇರುವವರನ್ನು ಮಂಗಳೂರಿಗೆ ಕರೆದುಕೊಂಡು ಹೋಗುವ ಮನೆಯವರು ಅಲ್ಲಿನ ವೈದ್ಯರು ಕೇಳುವವರೆಗೆ ಕಾಯಬಾರದು. ‘ಹತ್ತು ದಿನದೊಳಗೆ ಕೆರೆಯಲ್ಲಿ ಮುಳುಗಿದ್ದ, ಮೂಗಿಗೆ ನೀರು ಹೋಗಿತ್ತು, ಅಮೀಬಾ ಇರಬಹುದಾ ನೋಡಿ’ ಅಂತ ಕ್ಯಾಜುವಲ್ಟಿಯಲ್ಲೇ ಹೇಳಬೇಕು. ಇದರಲ್ಲಿ ಸಂಕೋಚ ಬೇಡ.

ಇಲಾಖೆಗಳ ಮಟ್ಟದಲ್ಲಿ ಕೆಲಸ ಇನ್ನೂ ಇದೆ. ರೋಗ ಬಂದವರನ್ನೂ, ಅದೇ ಊರಿನ, ಅದೇ ವಯಸ್ಸಿನ, ರೋಗ ಬಾರದವರನ್ನೂ ಹೋಲಿಸಿ ಯಾವ ಅಭ್ಯಾಸ, ಯಾವ ನೀರು ವ್ಯತ್ಯಾಸ ಮಾಡಿತು ಅಂತ ಹುಡುಕುವ ಅಧ್ಯಯನವನ್ನು ಕೇರಳದ ಇಲಾಖೆ ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ಜೊತೆ ಕೈಗೆತ್ತಿಕೊಂಡಿದೆ. ಬಾವಿಯೋ, ಕೆರೆಯೋ, ಟ್ಯಾಂಕೋ ಅನ್ನುವ ಜಗಳಕ್ಕೆ ಉತ್ತರ ಸಿಗುವುದಿದ್ದರೆ ಅಲ್ಲಿಂದಲೇ. ಆದರೆ ಅಧ್ಯಯನಕ್ಕೆ ಸೇರುವವರ ಪಟ್ಟಿ ಕೇರಳದ ಆಸ್ಪತ್ರೆಗಳ ದಾಖಲೆಯಿಂದ ಮಾತ್ರ ತಯಾರಾದರೆ, ಮಂಗಳೂರಿನಲ್ಲಿ ಚಿಕಿತ್ಸೆ ಪಡೆದ ಮಂಜೇಶ್ವರದ, ಬದಿಯಡ್ಕದ, ಮುಳ್ಳೇರಿಯದ ರೋಗಿಗಳು ಅದರಲ್ಲಿ ಇರುವುದಿಲ್ಲ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ, ಸಾರ್ವಜನಿಕ ಆರೋಗ್ಯದ ವಿಭಾಗವೂ ಇದೆ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕಾಸರಗೋಡಿನ ವಿಳಾಸದ ಮೆದುಳು ಜ್ವರದ ಕಡತಗಳನ್ನು ಒಟ್ಟು ಮಾಡುವ ಕೆಲಸವನ್ನು ಎರಡು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಅವರಿಗೆ ವಹಿಸಿದರೆ, ಮುಂದಿನ ಬೇಸಗೆಗೆ ಮುಂಚೆ ಯಾವ ಪಂಚಾಯತಿನಿಂದ ಶುರು ಮಾಡಬೇಕು ಅಂತಲಾದರೂ ಗೊತ್ತಾಗುತ್ತದೆ.